ಹಿತ್ತಲಿನಲ್ಲಿ ಉಳಿದ ಕೆಂಪು ಬಾಳೆ

ಕಲಬುರಗಿಯಿಂದ ಹುಮನಾಬಾದ್ ಕಡೆಗೆ ಹೊರಟ ಬಸ್ಸು ಸುಮಾರು 35 ಕಿಲೋಮೀಟರ್ ಸಾಗುವ ಹೊತ್ತಿಗೆ ಕಿಟಕಿಯ ಹೊರಗಿನ ನೋಟ ಬದಲಾಗುತ್ತದೆ. ಕಣ್ಣು ಹಾಯಿಸಿದಷ್ಟು ದೂರ ಹಬ್ಬಿದ್ದ ಕರಿಮಣ್ಣಿನ ತೊಗರಿ ಹೊಲಗಳು ಹಿಂದೆ ಸರಿದು ಕೆಂಪು ನೆಲ ಕಾಣಿಸಿಕೊಳ್ಳುತ್ತದೆ. ತಗ್ಗಿನಲ್ಲಿ ಬಾಳೆತೋಟಗಳು. ರಸ್ತೆಯ ಬದಿಯಲ್ಲಿ ದಪ್ಪನೆಯ, ಕಡುಕೆಂಪು ಸಿಪ್ಪೆಯ ಹಣ್ಣುಗಳ ಚಿಪ್ಪುಗಳು. ಇದೇ ಕಮಲಾಪುರ. ಹಂಪಿಯ ಮಗ್ಗುಲಲ್ಲಿರುವ ಕಮಲಾಪುರವಲ್ಲ. ಕೆಂಪು ಬಾಳೆಗೆ ತನ್ನ ಹೆಸರನ್ನೇ ಕೊಟ್ಟ ಕಮಲಾಪುರ.

ಕಲಬುರಗಿಯ ಹಳೆಯ ಮನೆಗಳಲ್ಲಿ ಈ ಬಾಳೆ ಹಬ್ಬದ ಹಣ್ಣಾಗಿ ಮಾತ್ರ ಬರುತ್ತಿರಲಿಲ್ಲ, ಗಿಡವಾಗಿಯೂ ಬರುತ್ತಿತ್ತು. ಕಮಲಾಪುರದ ಬೀಗರ ಮನೆಗೆ ಹೋದವರು ಬರುವಾಗ ಗೋಣಿಚೀಲದಲ್ಲಿ ಒಂದು ಕಂದು ತಂದು ಬಚ್ಚಲ ನೀರು ಹರಿಯುವಲ್ಲಿ ಹಚ್ಚುತ್ತಿದ್ದರು. ನಮ್ಮ ಆಯಿಯೂ ಹಾಗೆಯೇ ಒಂದನ್ನು ತಂದಿದ್ದಳು. ಶಹಾಬಾದ್ ಕಲ್ಲು ಹಾಸಿದ ಅಂಗಳದ ಆಚೆಗೆ, ಗೋಡೆಗಿಂತ ಎತ್ತರ ಬೆಳೆದು ನಿಂತಿದ್ದ ಆ ಗಿಡ ನನ್ನ ಬಾಲ್ಯದ ನೆನಪುಗಳಲ್ಲೊಂದು. ಹಾಗೆ ಕೈಯಿಂದ ಕೈಗೆ ದಾಟಿದ ಆ ಕಂದಿನೊಳಗೆ ಸಾವಿರಾರು ವರ್ಷಗಳ ಚರಿತ್ರೆ ಅಡಗಿತ್ತೆಂಬುದು ಆಗ ಯಾರಿಗೆ ಗೊತ್ತಿತ್ತು?

ಬೀಜವಿಲ್ಲದ ವಂಶ

ಬಾಳೆಯನ್ನು ನಾವು ಮರವೆಂದು ಕರೆಯುವುದುಂಟು. ಆದರೆ ಸಸ್ಯಶಾಸ್ತ್ರಜ್ಞರ ದೃಷ್ಟಿಯಲ್ಲಿ ಅದೊಂದು ದೈತ್ಯ ಮೂಲಿಕೆ. ಹೊರಗೆ ಕಾಣುವ ಕಾಂಡ ನಿಜವಾದ ಕಾಂಡವಲ್ಲ, ಒಂದರ ಮೇಲೊಂದು ಸುತ್ತಿಕೊಂಡ ಎಲೆಗಳ ಬುಡ. ನಿಜವಾದ ಕಾಂಡ ಮಣ್ಣಿನೊಳಗಿನ ಗಡ್ಡೆ. ಗೊನೆ ಬಿಡುವ ಕಾಲಕ್ಕೆ ಅದರಿಂದ ದಿಂಡು ಎದ್ದು, ಎಲೆಗಳ ನಡುವಿನಿಂದ ಹೊರಬಂದು ಹೂವಾಗುತ್ತದೆ. ಒಂದು ಗಿಡಕ್ಕೆ ಒಂದೇ ಗೊನೆ. ಗೊನೆ ಕೊಟ್ಟ ಗಿಡ ಸಾಯುತ್ತದೆ. ಅಷ್ಟರಲ್ಲಿ ಬುಡದಲ್ಲಿ ಮರಿಗಳು ಎದ್ದಿರುತ್ತವೆ.

ಕಾಡುಬಾಳೆಯ ಹಣ್ಣಿನ ತುಂಬ ಕಲ್ಲಿನಂತಹ ಬೀಜಗಳಿರುತ್ತವೆ. ನಾವು ತಿನ್ನುವ ಬಾಳೆಯಲ್ಲಿ ಅವು ಸಣ್ಣ ಕಪ್ಪು ಚುಕ್ಕೆಗಳಾಗಿ ಉಳಿದಿವೆ. ಪಪುವಾ ನ್ಯೂಗಿನಿಯ ಎತ್ತರದ ನಾಡಿನಲ್ಲಿರುವ ಕುಕ್ ಎಂಬ ಜೌಗು ಪ್ರದೇಶದಲ್ಲಿ ಸುಮಾರು 7000 ವರ್ಷಗಳ ಹಿಂದೆಯೇ ಬಾಳೆಯ ಕೃಷಿ ನಡೆದಿತ್ತೆಂಬುದಕ್ಕೆ ಉತ್ಖನನದಲ್ಲಿ ಕುರುಹುಗಳು ದೊರೆತಿವೆ. ಬೀಜ ಕಡಿಮೆ ಇದ್ದ, ತಿರುಳು ಹೆಚ್ಚಿದ್ದ ಗಿಡಗಳನ್ನು ಮನುಷ್ಯ ಆರಿಸಿಕೊಂಡ. ಅವುಗಳ ಕಂದು ಕಿತ್ತು ಬೇರೆಡೆ ನೆಟ್ಟ.

ಇಂದಿನ ತಿನ್ನುವ ಬಾಳೆಗಳಲ್ಲಿ ಬಹುಪಾಲಿನವು ಎರಡು ಕಾಡುಜಾತಿಗಳ ಸಂತಾನ. ಒಂದು ಮ್ಯೂಸಾ ಅಕ್ಯುಮಿನಾಟಾ, ಇನ್ನೊಂದು ಮ್ಯೂಸಾ ಬಾಲ್ಬಿಸಿಯಾನಾ. ನಮ್ಮ ಏಲಕ್ಕಿ ಬಾಳೆ, ರಸಬಾಳೆಗಳಲ್ಲಿ ಈ ಎರಡೂ ಕುಲಗಳ ಅಂಶ ಬೆರೆತಿದೆ. ಕೆಂಪು ಬಾಳೆಯಾದರೋ ಅಕ್ಯುಮಿನಾಟಾದ್ದೇ ಕುಡಿ. ಅದರ ವರ್ಣತಂತುಗಳು ಎರಡರ ಬದಲು ಮೂರು ಜೊತೆಯಲ್ಲಿರುವುದರಿಂದ ಬೀಜ ಕಟ್ಟುವುದಿಲ್ಲ. ಆದ್ದರಿಂದ ಪ್ರತಿಯೊಂದು ಕೆಂಪು ಬಾಳೆಯ ಗಿಡವೂ ಹಿಂದಿನ ಗಿಡದ ಒಂದು ತುಂಡು. ಹಿತ್ತಲಿನ ಗಿಡಕ್ಕೂ ಅದರ ನೂರು ತಲೆಮಾರಿನ ಹಿಂದಿನ ಗಿಡಕ್ಕೂ ಇರುವ ಸಂಬಂಧ ಮಗಳು-ತಾಯಿಯದಲ್ಲ. ಒಂದು ಅರ್ಥದಲ್ಲಿ ಅದು ಅದೇ ಗಿಡ. ನಡುವೆ ಯಾರೂ ಕಂದು ಕಿತ್ತು ನೆಡದೆ ಹೋಗಿದ್ದರೆ ಈ ಸರಪಳಿ ಅಲ್ಲಿಗೇ ಕಡಿದುಹೋಗುತ್ತಿತ್ತು.

ಕೆಂಪು ಬಾಳೆ ಕಮಲಾಪುರದಲ್ಲಿ ಮಾತ್ರ ಇದೆಯೆಂದಲ್ಲ. ಕೇರಳದಲ್ಲಿ ಅದು ಚೆಂಕದಳಿ, ತಮಿಳುನಾಡಿನಲ್ಲಿ ಸೆವ್ವಾಳೈ, ಕರ್ನಾಟಕದ ಇತರೆಡೆ ಚಂದ್ರಬಾಳೆ. ಬಣ್ಣವೂ ಅಷ್ಟು ಸ್ಥಿರವಲ್ಲ. ಕೆಂಪು ಗಿಡದ ಬುಡದಿಂದ ಒಮ್ಮೊಮ್ಮೆ ಹಸಿರು ಹಣ್ಣು ಬಿಡುವ ಮರಿ ಏಳುವುದುಂಟು. ಅದಕ್ಕೇ ಅನುಭವಿ ಬೆಳೆಗಾರರು ಕಾಂಡ ಮತ್ತು ಎಲೆಯ ದಂಟು ಎರಡೂ ಕೆಂಪಗಿರುವ ಕಂದನ್ನೇ ಆರಿಸುತ್ತಾರೆ.

ಸಾವಿರ ವರ್ಷದ ಹಿತ್ತಲ ವಿದ್ಯೆ

ಮನೆಯ ಸುತ್ತ ಹಣ್ಣಿನ ಗಿಡ ಬೆಳೆಸುವ ವಿದ್ಯೆಯನ್ನು ಕನ್ನಡ ಬಹು ಹಿಂದೆಯೇ ಬರೆದಿಟ್ಟುಕೊಂಡಿದೆ. ಚಾಲುಕ್ಯ ಅರಸ ಜಯಸಿಂಹನ ಕಾಲದಲ್ಲಿ, ಕ್ರಿ.ಶ. 1025ರ ಸುಮಾರಿಗೆ, ಚಾವುಂಡರಾಯನೆಂಬ ಕವಿ ‘ಲೋಕೋಪಕಾರ’ವನ್ನು ರಚಿಸಿದ. (ಶ್ರವಣಬೆಳಗೊಳದ ಗೊಮ್ಮಟನನ್ನು ಮಾಡಿಸಿದ ಚಾವುಂಡರಾಯ ಬೇರೆ.) ವಾಸ್ತು, ನೆಲದಡಿಯ ನೀರಿನ ಶೋಧ, ಅಡುಗೆ, ವೈದ್ಯಗಳ ಜೊತೆಗೆ ವೃಕ್ಷಾಯುರ್ವೇದಕ್ಕೂ ಅದರಲ್ಲಿ ಸ್ಥಾನವಿದೆ. ಗಿಡಮರಗಳ ಪೋಷಣೆ, ಅವಕ್ಕೆ ಬರುವ ರೋಗ, ಅದಕ್ಕೆ ಮದ್ದು ಎಲ್ಲವೂ ಅಲ್ಲಿ ಬರುತ್ತವೆ. ಗಿಡಕ್ಕೂ ಒಂದು ಆಯುರ್ವೇದ ಉಂಟೆಂಬ ತಿಳಿವಳಿಕೆಯನ್ನು ಸಂಸ್ಕೃತ ಬಲ್ಲ ಪಂಡಿತರಿಗಷ್ಟೇ ಬಿಡದೆ, ಜನರ ಭಾಷೆಯಲ್ಲಿ ಗೃಹಸ್ಥನ ಕೈಗೆ ಕೊಟ್ಟದ್ದು ಅದರ ಹೆಚ್ಚುಗಾರಿಕೆ.

ಮುಂದಿನ ಶತಮಾನದಲ್ಲಿ ಅದೇ ವಂಶದ ಮೂರನೆಯ ಸೋಮೇಶ್ವರನ ಹೆಸರಿನಲ್ಲಿ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ವಿಶ್ವಕೋಶ ಹುಟ್ಟಿತು. ಅವನ ರಾಜಧಾನಿ ಕಲ್ಯಾಣ, ಅಂದರೆ ಇಂದಿನ ಬಸವಕಲ್ಯಾಣ, ಕಮಲಾಪುರಕ್ಕೆ ನೆರೆಯ ಸೀಮೆ. ಆಮೇಲೆ 1347ರಲ್ಲಿ ಕಲಬುರಗಿಯೇ ಬಹಮನಿ ರಾಜ್ಯದ ರಾಜಧಾನಿಯಾಯಿತು. ಮುಂದೆ ರಾಜಧಾನಿ ಬೀದರಿಗೆ ಹೋಯಿತು. ಮೊಗಲರು ಬಂದರು, ನಿಜಾಮರು ಆಳಿದರು. 1948ರಲ್ಲಿ ನಿಜಾಮನ ಆಳ್ವಿಕೆ ಮುಗಿಯಿತು, 1956ರಲ್ಲಿ ಈ ನಾಡು ಕನ್ನಡ ರಾಜ್ಯದೊಂದಿಗೆ ಸೇರಿತು. ರಾಜಧಾನಿಗಳು ಕಲ್ಲಿನಲ್ಲಿ ಉಳಿದಿವೆ: ಕೋಟೆ, ಮಸೀದಿ, ಗುಮ್ಮಟ, ಶಾಸನ. ಬಾಳೆಗೆ ಆ ಸೌಲಭ್ಯವಿಲ್ಲ. ಬದುಕಿರುವ ಗಿಡವೇ ಅದರ ದಾಖಲೆ.

ಹೆಸರಿಗೆ ರಕ್ಷಣೆ, ಗಿಡಕ್ಕೆ?

ಕಮಲಾಪುರದ ಹೆಸರು ಕಾನೂನಿನ ಪುಸ್ತಕಕ್ಕೆ ಸೇರಿದ್ದು ಈಚೆಗೆ. ಭೌಗೋಳಿಕ ಸೂಚಕಗಳ ಕಾಯ್ದೆಯನ್ನು ಸಂಸತ್ತು 1999ರಲ್ಲಿ ಅಂಗೀಕರಿಸಿತು. ಅದು ಜಾರಿಗೆ ಬಂದದ್ದು 2003ರ ಸೆಪ್ಟೆಂಬರ್‌ನಲ್ಲಿ. ಒಂದು ಊರಿನ ಮಣ್ಣು, ಹವೆ, ಜನರ ಕೌಶಲದಿಂದ ಬಂದ ಗುಣವುಳ್ಳ ಪದಾರ್ಥಕ್ಕೆ ಆ ಊರಿನ ಹೆಸರನ್ನು ಬೇರೆಯವರು ಹಚ್ಚಿ ಮಾರಬಾರದೆಂಬುದು ಅದರ ಸಾರ. ಡಾರ್ಜಿಲಿಂಗ್ ಚಹಾಕ್ಕೆ ಮೊದಲ ಮನ್ನಣೆ. ನಂಜನಗೂಡು ರಸಬಾಳೆ ಅದರ ಬೆನ್ನಿಗೇ ಪಟ್ಟಿ ಸೇರಿತು. ರಾಜ್ಯ ತೋಟಗಾರಿಕೆ ಇಲಾಖೆಯ ಅರ್ಜಿಯ ಮೇಲೆ, 2010ರ ಹೊತ್ತಿಗೆ, ಕಮಲಾಪುರದ ಕೆಂಪು ಬಾಳೆಯೂ ನೋಂದಣಿಯಾಯಿತು. ಇದೇ ಜಿಲ್ಲೆಯ ತೊಗರಿಬೇಳೆಗೆ ಆ ಗೌರವ ಸಂದದ್ದು 2019ರಲ್ಲಿ.

ಇಲ್ಲೊಂದು ಸೂಕ್ಷ್ಮವಿದೆ. ಈ ಕಾಯ್ದೆ ಕಾಯುವುದು ಹೆಸರನ್ನು, ಗಿಡವನ್ನಲ್ಲ. ಕಮಲಾಪುರದ ಕಂದನ್ನು ತಂದು ಕಲಬುರಗಿಯ ಹಿತ್ತಲಿನಲ್ಲಿ ನೆಟ್ಟರೆ ಅದು ಬೆಳೆಯುತ್ತದೆ, ಗೊನೆಯನ್ನೂ ಬಿಡುತ್ತದೆ. ಆದರೆ ಆ ಹಣ್ಣನ್ನು ‘ಕಮಲಾಪುರ ಕೆಂಪು ಬಾಳೆ’ ಎಂದು ಮಾರುವಂತಿಲ್ಲ. ಹೆಸರು ಊರಿನ ಸ್ವತ್ತು. ಗಿಡವಾದರೋ ನೆಟ್ಟವರದು. ನೋಂದಣಿಯನ್ನು ಹತ್ತು ವರ್ಷಕ್ಕೊಮ್ಮೆ ನವೀಕರಿಸಿದರೆ ಹೆಸರು ಉಳಿಯುತ್ತದೆ. ಗಿಡ ಉಳಿಯಬೇಕಾದರೆ ಅದನ್ನು ಮತ್ತೆ ಮತ್ತೆ ನೆಡಲೇಬೇಕು.

ಹಾಗಾದರೆ ರೈತ ಏಕೆ ಹಿಂಜರಿಯುತ್ತಾನೆ? ಲೆಕ್ಕ ಸರಳ. ಕೆಂಪು ಬಾಳೆ ಕಟಾವಿಗೆ ಬರಲು ಸುಮಾರು 18 ತಿಂಗಳು ಬೇಕು. ಅಂದರೆ ಎರಡು ಬೇಸಿಗೆಗಳಲ್ಲಿ ನೀರು ಹಾಯಿಸಬೇಕಾಗಿ ಬರಬಹುದು. ಗಿಡ ಎತ್ತರ, ಗೊನೆ ಭಾರ. ಗಾಳಿಗೆ ಬೀಳದಂತೆ ಊರುಗೋಲು ಕೊಡಬೇಕು. ಖರ್ಚು ಹೆಚ್ಚಿದಂತೆ ದರವೂ ಹೆಚ್ಚು. ಅದಕ್ಕೇ ‘ಶ್ರೀಮಂತರ ಹಣ್ಣು’ ಎಂಬ ಹೆಸರು. ಇನ್ನೊಂದೆಡೆ 1990ರ ದಶಕದಲ್ಲಿ ನಮ್ಮ ದೇಶಕ್ಕೆ ಬಂದ, ರೈತರ ಬಾಯಲ್ಲಿ ಜಿ-9 ಎನಿಸಿಕೊಂಡ ಗ್ರ್ಯಾಂಡ್ ನೈನ್ ತಳಿ ಸುಮಾರು ಒಂದು ವರ್ಷಕ್ಕೆ ಗೊನೆ ಕೊಡುತ್ತದೆ. ಅಂಗಾಂಶ ಕೃಷಿಯ ಸಸಿಗಳು ಬೇಕಾದಷ್ಟು ಸಿಗುತ್ತವೆ, ತೋಟವೆಲ್ಲ ಒಟ್ಟಿಗೆ ಕಟಾವಿಗೆ ಬರುತ್ತದೆ. ಸಾಲ ಮಾಡಿ ಬೆಳೆ ತೆಗೆಯುವವನು ಬೇಗ ಹಣ ತರುವ ಬೆಳೆಯನ್ನು ಆರಿಸಿಕೊಂಡರೆ ಅವನನ್ನು ದೂರುವುದು ನ್ಯಾಯವಲ್ಲ.

ಆದರೆ ಒಂದೇ ತಳಿಯನ್ನು ನಂಬಿ ಕುಳಿತರೆ ಏನಾಗುತ್ತದೆಂಬುದನ್ನು ಬಾಳೆಯ ಚರಿತ್ರೆಯೇ ಹೇಳಿದೆ. 20ನೇ ಶತಮಾನದ ಮಧ್ಯದವರೆಗೆ ಜಗತ್ತಿನ ರಫ್ತು ಮಾರುಕಟ್ಟೆಯನ್ನು ಆಳಿದ್ದು ಗ್ರೋ ಮಿಷೆಲ್ ಎಂಬ ತಳಿ. ಮಣ್ಣಿನಲ್ಲಿ ದಶಕಗಳ ಕಾಲ ಬದುಕುವ ಶಿಲೀಂಧ್ರದಿಂದ ಬರುವ ಪನಾಮಾ ಸೊರಗು ರೋಗ ಅದರ ತೋಟಗಳನ್ನು ನಾಶಮಾಡಿತು. ಅದರ ಜಾಗಕ್ಕೆ ಬಂದದ್ದು ಕ್ಯಾವೆಂಡಿಷ್. ಜಿ-9 ಅದೇ ಗುಂಪಿನದು. ಈಗ ಆ ರೋಗದ ಹೊಸ ರೂಪವೊಂದು ಕ್ಯಾವೆಂಡಿಷನ್ನೂ ಬಿಡುತ್ತಿಲ್ಲ. ಬಿಹಾರ, ಉತ್ತರ ಪ್ರದೇಶಗಳಲ್ಲಿ ಅದು ಕಾಣಿಸಿಕೊಂಡಿದೆ. 2019ರಲ್ಲಿ ದಕ್ಷಿಣ ಅಮೆರಿಕದ ಕೊಲಂಬಿಯಾವನ್ನೂ ತಲುಪಿತು. ನಮ್ಮ ನಂಜನಗೂಡು ರಸಬಾಳೆ ಕ್ಷೀಣಿಸಿದ್ದಕ್ಕೂ ಸೊರಗು ರೋಗವೇ ಮುಖ್ಯ ಕಾರಣ. ತೋಟ ಸೋತಾಗ ಊರಿನ ಹಣ್ಣಿಗೆ ಇರುವ ಇನ್ನೊಂದು ಆಸರೆ ಹಿತ್ತಲು. ಅಲ್ಲಿ ಲಾಭನಷ್ಟದ ಲೆಕ್ಕವಿಲ್ಲ. 18 ತಿಂಗಳು ಕಾಯುವ ತಾಳ್ಮೆ ಇದ್ದರೆ ಸಾಕು.

ನೆಡುವವರಿಗೆ ನಾಲ್ಕು ಮಾತು

ಕಲಬುರಗಿಯ ಮನೆಯಂಗಳದಲ್ಲಿ ಇದನ್ನು ಬೆಳೆಸುವುದು ಕಷ್ಟವೇನಲ್ಲ, ಆದರೆ ಎರಡು ಅಡ್ಡಿಗಳಿವೆ. ಮೊದಲನೆಯದು ಕರಿಮಣ್ಣು. ಮಳೆಗಾಲದಲ್ಲಿ ಅದು ನೀರು ಹಿಡಿದು ನಿಲ್ಲಿಸುತ್ತದೆ, ಬಾಳೆಯ ಬೇರಿಗೆ ನಿಂತ ನೀರು ಆಗದು. ಒಂದೂವರೆ ಅಡಿ ಆಳ-ಅಗಲದ ಗುಂಡಿ ತೆಗೆದು, ಕೆಂಪುಮಣ್ಣು, ಮರಳು, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಬೆರೆಸಿ, ಸುತ್ತಲಿನ ನೆಲಕ್ಕಿಂತ ತುಸು ಎತ್ತರಿಸಿ ನೆಡಬೇಕು. ಎರಡನೆಯದು 42 ಡಿಗ್ರಿ ದಾಟುವ ಬೇಸಿಗೆ. ಬೆಳೆದ ಗಿಡಕ್ಕೆ ಆಗ ದಿನಕ್ಕೆ 15ರಿಂದ 20 ಲೀಟರ್ ನೀರು ಬೇಕು. ಬುಡಕ್ಕೆ ಒಣಎಲೆ ಹೊದಿಸಿದರೆ ನೀರು ಉಳಿಯುತ್ತದೆ. ಬಿಸಿಗಾಳಿ ಎಲೆಯನ್ನು ಸೀಳದಂತೆ ಗೋಡೆಯ ಮರೆ ಇದ್ದರೆ ಒಳ್ಳೆಯದು.

ಕಂದು ಆರಿಸುವಾಗ ಕತ್ತಿಯಂತೆ ಕಿರಿದಾದ ಎಲೆಯುಳ್ಳದ್ದನ್ನು ಆರಿಸಬೇಕು. ಅಗಲ ಎಲೆಯ ನೀರುಕಂದು ನೋಡಲು ಪುಷ್ಟಿಯಾಗಿ ಕಂಡರೂ ಗಡ್ಡೆಯಲ್ಲಿ ಕಸುವಿರುವುದಿಲ್ಲ. ಮುಂಗಾರಿನ ಆರಂಭ ನೆಡಲು ತಕ್ಕ ಕಾಲ. ಗೊನೆ ಬಿಡುವವರೆಗೆ ಸುತ್ತ ಏಳುವ ಮರಿಗಳನ್ನು ಕತ್ತರಿಸುತ್ತ ಬಂದು, ಮುಂದಿನ ಸರದಿಗೆ ಒಂದನ್ನು ಉಳಿಸಿಕೊಳ್ಳಬೇಕು.

ಕಂದು ತರುವಾಗ ಎಚ್ಚರವೂ ಬೇಕು. ಕಂದಿನ ಜೊತೆ ರೋಗವೂ ಪ್ರಯಾಣ ಮಾಡುತ್ತದೆ. ಬಾಳೆಯ ಗುಚ್ಛತಲೆ ರೋಗ 1940ರ ಹೊತ್ತಿಗೆ ಶ್ರೀಲಂಕಾದಿಂದ ಕೇರಳಕ್ಕೆ ಬಂದು, ಅಲ್ಲಿಂದ ದೇಶದ ಬೇರೆಡೆಗೂ ಹಬ್ಬಿದ್ದು ಮುಖ್ಯವಾಗಿ ಹೀಗೆಯೇ. ಎಲೆಗಳು ಕಿರಿದಾಗಿ, ನೆಟ್ಟಗೆ, ತುದಿಯಲ್ಲಿ ಗುಂಪುಗೂಡಿ ನಿಂತ ಗಿಡದಿಂದಾಗಲಿ, ಹಳೆಯ ಎಲೆಗಳು ಹಳದಿಯಾಗಿ ಕಾಂಡದ ಸುತ್ತ ಜೋತುಬಿದ್ದ ಗಿಡದಿಂದಾಗಲಿ ಕಂದು ತರಬಾರದು. ಸಂಶಯವಿದ್ದರೆ ತೋಟಗಾರಿಕೆ ಇಲಾಖೆಯವರನ್ನೋ ಕೃಷಿ ವಿಜ್ಞಾನ ಕೇಂದ್ರದವರನ್ನೋ ಕೇಳುವುದು ಲೇಸು.

ಇನ್ನು ನಮ್ಮ ಆಯಿಯ ಗಿಡದ ಮಾತು. ಕೆಲವು ವರ್ಷಗಳ ಹಿಂದೆ ಹಳೆಯ ಮನೆ ಕೆಡವಿ ಹೊಸದು ಕಟ್ಟಿಸುವಾಗ ಹಿತ್ತಲಿಗೆ ಸಿಮೆಂಟು ಬಿತ್ತು. ಬಾಳೆಯನ್ನು ಬುಡಸಹಿತ ಕಿತ್ತರು. ಆಯಿ ಅಷ್ಟರಲ್ಲಿ ತೀರಿಕೊಂಡಿದ್ದಳು. ಅಲ್ಲಿಗೆ ಆ ಗಿಡದ ಕಥೆ ಮುಗಿಯಿತೆಂದೇ ನಾನು ತಿಳಿದಿದ್ದೆ. ಈ ಲೇಖನಕ್ಕಾಗಿ ಓಣಿಯಲ್ಲಿ ವಿಚಾರಿಸುತ್ತ ಹೋದಾಗ, ನಾಲ್ಕು ಮನೆ ಆಚೆಗಿನ ಕಾಕು ತಮ್ಮ ಹಿತ್ತಲಿಗೆ ಕರೆದೊಯ್ದು ತೋರಿಸಿದರು. ಕೆಂಪು ಕಾಂಡ, ಬುಡದಲ್ಲಿ ಮೂರು ಮರಿ. ಎಂದೋ ಆಯಿ ಕೊಟ್ಟ ಕಂದಿನಿಂದ ಬಂದದ್ದಂತೆ. “ಇದು ನಿಮ್ಮ ಆಯೀದೇ ಗಿಡ ಅದ ತಮ್ಮಾ, ಒಂದು ಒಯ್ದು ಹಚ್ಚು” ಎಂದರು.

ಮನೆಯಲ್ಲಿಟ್ಟುಕೊಂಡ ಗಿಡ ಹೋಯಿತು, ಕೊಟ್ಟ ಗಿಡ ಉಳಿಯಿತು. ಬಾಳೆ ಇಷ್ಟು ಸಾವಿರ ವರ್ಷ ಉಳಿದುಬಂದ ಬಗೆಯೂ ಇದೇ. ಕಾಕು ಕೊಟ್ಟ ಕಂದಿಗಾಗಿ ಹಿತ್ತಲಿನ ಸಿಮೆಂಟನ್ನು ಮೂರು ಅಡಿ ಒಡೆಸಿದ್ದೇವೆ.