ಮೀಟರಿನ ಮುಳ್ಳು, ಅದರ ಹಿಂದಿನ ವೈರು

ಡಾಲಸ್, ಹ್ಯೂಸ್ಟನ್, ಆಸ್ಟಿನ್ ಕಡೆಯ ನಮ್ಮ ಹುಡುಗ ಹುಡುಗಿಯರಲ್ಲಿ ಹಳೇ ಪಿಕಪ್ ಟ್ರಕ್ಕಿನ ಹುಚ್ಚು ಹತ್ತಿಸಿಕೊಂಡವರು ಕೆಲವರಿದ್ದೀರಿ. ಅಂಥ ಗಾಡಿಗೆ ಬ್ಯಾಟರಿ ಚಾರ್ಜ್ ತೋರಿಸುವ ಮೀಟರ್ ಹಾಕಬೇಕು ಅಂದುಕೊಳ್ಳಿ. ಅಂಗಡಿಗೆ ಹೋದರೆ 10, 14, 18 ಎಂದು ಬರೆದ ವೈರಿನ ಸುರುಳಿಗಳು ಸಾಲಾಗಿ ಕೂತಿರುತ್ತವೆ. ಕೈ ಹಾಕುವ ಮೊದಲು ಸ್ವಲ್ಪ ಇತಿಹಾಸ ಕೇಳಿ. ಇಲ್ಲಿ ಆಯ್ಕೆ ತಪ್ಪಿದರೆ ಡ್ಯಾಶ್‌ಬೋರ್ಡಿನ ಹಿಂದೆ ಹೊಗೆ ಏಳುತ್ತದೆ.

ಕಥೆಯನ್ನು ನಮ್ಮ ಊರಿಂದಲೇ ಶುರುಮಾಡೋಣ. 1902ರಲ್ಲಿ ಶಿವನಸಮುದ್ರದ ಕಾವೇರಿಯಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 90 ಮೈಲಿ ದೂರ ಕರೆಂಟ್ ಹರಿಯಿತು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಅದಾದ ಮೂರು ವರ್ಷಕ್ಕೆ. ಅಷ್ಟು ದೂರ ಕಳಿಸಲು ಎಂಜಿನಿಯರುಗಳು ವೋಲ್ಟೇಜನ್ನು 30 ಸಾವಿರದಾಚೆಗೆ ಏರಿಸಿದರು. ಕಾರಣ ಸರಳ. ಅಷ್ಟೇ ಶಕ್ತಿಯನ್ನು ಎರಡರಷ್ಟು ವೋಲ್ಟಿನಲ್ಲಿ ಕಳಿಸಿದರೆ ಆಂಪಿಯರ್ ಅರ್ಧವಾಗುತ್ತದೆ, ಅದೇ ತಂತಿಯಲ್ಲಿ ಹುಟ್ಟುವ ಬಿಸಿ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಆಗ ಸಣ್ಣ ತಾಮ್ರದ ತಂತಿಯೇ ಸಾಕು.

ಇದೇ ಲೆಕ್ಕ ಕಾರಿಗೂ ಬಂತು. ಡಾಲಸ್ ಪಕ್ಕದ ಆರ್ಲಿಂಗ್ಟನ್‌ನಲ್ಲಿ ಜನರಲ್ ಮೋಟರ್ಸ್ ಕಾರ್ಖಾನೆ ತೆರೆದದ್ದು 1954ರಲ್ಲಿ. ಸರಿಯಾಗಿ ಆ ಕಾಲದಲ್ಲೇ ಆ ಕಂಪನಿಯ ಗಾಡಿಗಳು 6 ವೋಲ್ಟಿನಿಂದ 12 ವೋಲ್ಟಿಗೆ ದಾಟುತ್ತಿದ್ದವು: ಕ್ಯಾಡಿಲಾಕ್ 1953ರಲ್ಲಿ, ಷೆವ್ರೊಲೆ ಕಾರು 1955ರಲ್ಲಿ. ಫೋರ್ಡ್ 1956ರಲ್ಲಿ ಬದಲಾಯಿತು. ಅದಕ್ಕಿಂತ ಹಿಂದಿನ ಫೋರ್ಡುಗಳಲ್ಲಿ ಬ್ಯಾಟರಿಯ ಪಾಸಿಟಿವ್ ತುದಿಯೇ ಬಾಡಿಗೆ ಕಟ್ಟಿರುತ್ತದೆ. 1961ರಲ್ಲಿ ಮೈಸೂರಿನಲ್ಲಿ ತಯಾರಾಗತೊಡಗಿದ ಜಾವಾ ಬೈಕು ಕೂಡ 6 ವೋಲ್ಟಿನದೇ. ಆದ್ದರಿಂದ ಮೀಟರ್ ಕೊಳ್ಳುವ ಮುನ್ನ ಬ್ಯಾಟರಿ ಎಷ್ಟು ವೋಲ್ಟಿನದು, ಯಾವ ತುದಿ ಬಾಡಿಗೆ ಹೋಗಿದೆ, ಎರಡನ್ನೂ ನೋಡಿ. ಯಾರೋ 12ಕ್ಕೆ ಬದಲಿಸಿದ ಗಾಡಿಯಾದರೆ ಹಳೆಯ ದಪ್ಪ ವೈರಿಗೆ ತೊಂದರೆಯಿಲ್ಲ. ಹಳೆಯ ಬಲ್ಬು, ಮೀಟರುಗಳಿಗೆ ಮಾತ್ರ ಆಯುಸ್ಸು ಕಡಿಮೆ.

ಈಗ ಮುಖ್ಯ ವಿಷಯ. ಹಿಂದಿನವರು ನಂಬಿದ್ದು ಆಮೀಟರನ್ನು. ನಿಮ್ಮ ಅಜ್ಜನೋ ಸೋದರಮಾವನೋ ಬುಲೆಟ್ ಓಡಿಸಿದ್ದರೆ ಕೇಳಿ ನೋಡಿ. ಹೆಡ್‌ಲೈಟಿನ ಮೇಲೆ ಒಂದು ಪುಟ್ಟ ಆಮೀಟರ್ ಇರುತ್ತಿತ್ತು. ಕಿಕ್ಕರನ್ನು ಮೆಲ್ಲಗೆ ಒತ್ತಿ, ಮುಳ್ಳು ನಡುವೆ ಬಂದಾಗ ಪಿಸ್ಟನ್ ಎಲ್ಲಿದೆ ಎಂದು ತಿಳಿದು ಒದೆಯುವುದು ಒಂದು ವಿದ್ಯೆಯೇ ಆಗಿತ್ತು! ಆಮೀಟರಿನ ಗುಣವೇನೆಂದರೆ, ಚಾರ್ಜ್ ಆಗುವ ಕರೆಂಟೆಲ್ಲ ಅದರೊಳಗಿಂದಲೇ ಹಾದುಹೋಗಬೇಕು. ಹಳೆಯ ಡೈನಮೋ ಕೊಡುತ್ತಿದ್ದ ಹತ್ತಿಪ್ಪತ್ತು ಆಂಪಿಯರಿಗೆ ಅದು ನಡೆಯಿತು. 1960ರ ಪ್ಲಿಮತ್ ವೇಲಿಯಂಟ್‌ನಿಂದಾಚೆಗೆ ಆಲ್ಟರ್ನೇಟರ್ ಬಂತು. ಏಸಿ ಬಂತು, ಟೆಕ್ಸಾಸಿನಲ್ಲಿ ಅದಿಲ್ಲದೆ ಬದುಕುವುದುಂಟೇ? ಆಂಪಿಯರ್ ಏರುತ್ತಲೇ ಹೋಯಿತು. ಆದರೂ ಕ್ರೈಸ್ಲರ್ ಬಹುಕಾಲ ಅದೇ ಹಳೆಯ ಏರ್ಪಾಡನ್ನು ಬಿಡಲಿಲ್ಲ. ಅವರ ಗಾಡಿಗಳಲ್ಲಿ ಎಂಜಿನ್ ಗೋಡೆಯ ಕನೆಕ್ಟರ್ ಕರಗಿದ್ದನ್ನು ಹಳೇ ಮೆಕ್ಯಾನಿಕ್ಕುಗಳು ಬೇಕಾದಷ್ಟು ಕಂಡಿದ್ದಾರೆ. ಷೆವ್ರೊಲೆಯವರು ಜಾಣರು: 1967–72ರ ಟ್ರಕ್ಕುಗಳಲ್ಲಿ ದೊಡ್ಡ ಕರೆಂಟನ್ನು ಎಂಜಿನ್ ಬದಿಯಲ್ಲೇ ಬಿಟ್ಟು, ಮೀಟರಿಗೆ ಫ್ಯೂಸಿನ ಮೂಲಕ ಎರಡು ಸಣ್ಣ ವೈರು ಮಾತ್ರ ತಂದರು.

ಆಮೀಟರೇ ಬೇಕೆಂದು ಹಟ ಹಿಡಿದರೆ 60 ಆಂಪಿಯರಿನ ಆಲ್ಟರ್ನೇಟರಿಗೆ 10 ನಂಬರೂ ಸಣ್ಣದೇ. ಇನ್ನೂ ದಪ್ಪ ವೈರು, ಅದೂ ಕ್ಯಾಬಿನ್ನಿನೊಳಗೆ ಬಂದು ವಾಪಸ್ ಹೋಗಬೇಕು. ನನ್ನ ಓಟು ವೋಲ್ಟ್‌ಮೀಟರಿಗೆ. ಅದು ಎಳೆಯುವುದು ಅತ್ಯಲ್ಪ ಕರೆಂಟು. 18 ನಂಬರಿನ ವೈರು ಧಾರಾಳ ಸಾಕು; ಅದಕ್ಕಿಂತ ಸಣ್ಣದೂ ಕರೆಂಟನ್ನು ಹೊರುತ್ತದೆ, ಆದರೆ ಗಾಡಿಯ ಅದುರಿಗೆ ತುಂಡಾದೀತು.

ನಂಬರ್ ಹೆಚ್ಚಾದಂತೆ ವೈರು ಸಣ್ಣದಾಗುವುದೇಕೆ? ಅಕ್ಕಸಾಲಿಗರು ಚಿನ್ನದ ಕಂಬಿಯನ್ನು ತೂತುಗಳ ಉಕ್ಕಿನ ಪಟ್ಟಿಯಲ್ಲಿ ಒಂದಾದ ಮೇಲೊಂದು ತೂತಿಗೆ ತೂರಿಸಿ ಎಳೆಯುತ್ತಾರಲ್ಲ, ಹಾಗೆಯೇ. ಎಳೆದಷ್ಟೂ ಸಣ್ಣ. ಅಮೆರಿಕದ ಅಳತೆ 1857ರಲ್ಲಿ ಬ್ರೌನ್ ಅಂಡ್ ಶಾರ್ಪ್ ಕಂಪನಿಯಿಂದ ಬಂತು. ಮೂರು ನಂಬರ್ ಕೆಳಗಿಳಿದರೆ ತಾಮ್ರ ಎರಡರಷ್ಟು. ಭಾರತದಲ್ಲಿ ಬಹುಕಾಲ ನಡೆದದ್ದು 1884ರ ಬ್ರಿಟಿಷ್ ಅಳತೆ. ಮನೆ ವೈರಿಂಗ್ ಮಾಡುವವರು ಇಂದಿಗೂ 3/20, 7/20 ಅನ್ನುವುದುಂಟು, ಅಂದರೆ 20 ಗೇಜಿನ ಮೂರು ಎಳೆ, ಏಳು ಎಳೆ. ಎರಡೂ ಒಂದೇ ಅಲ್ಲ. ಅಮೆರಿಕದ 10 ನಂಬರ್ 2.59 ಮಿಲಿಮೀಟರ್, ಬ್ರಿಟಿಷರದು 3.25. ಊರಿನ ಮಾವ ಫೋನಿನಲ್ಲಿ ನಂಬರ್ ಹೇಳಿದರೆ ಯಾವ ಅಳತೆ ಎಂದು ಕೇಳಿಕೊಳ್ಳಿ.

ಇಲ್ಲಿನ ಮನೆಗಳಿಗೆ ಹಾಕುವ ಒಂಟಿ ಎಳೆಯ ವೈರು ಬೇಡವೇ ಬೇಡ, ಅದುರಿಗೆ ಒಡೆಯುತ್ತದೆ. ಹಲವು ಎಳೆಯದನ್ನೇ ತನ್ನಿ. ಹ್ಯೂಸ್ಟನ್ನಿನ ಆಗಸ್ಟ್ ಬಿಸಿಲು, ಅದರ ಜೊತೆ ಎಂಜಿನ್ನಿನ ಕಾವು, ಸಾಮಾನ್ಯ ಪ್ಲಾಸ್ಟಿಕ್ ಹೊದಿಕೆ ಮೆತ್ತಗಾಗಿಬಿಡುತ್ತದೆ. ಬಾನೆಟ್ಟಿನ ಕೆಳಗೆ ಹೋಗುವ ಭಾಗಕ್ಕೆ ಜಿಎಕ್ಸ್‌ಎಲ್ ಎಂದು ಬರೆದ ವೈರೇ ಮೇಲು. ತಗಡು ಕೊರೆದ ಕಡೆ ರಬ್ಬರ್ ಬಳೆ ಹಾಕಿ. ಮೂರು ಆಂಪಿಯರಿನ ಫ್ಯೂಸನ್ನು ಮೀಟರಿನ ಹತ್ತಿರವಲ್ಲ, ಕರೆಂಟ್ ತೆಗೆದುಕೊಳ್ಳುವ ಕಡೆ ಇಡಿ. ಅದು ಕಾಯಬೇಕಾದದ್ದು ವೈರನ್ನು. ಕೀ ತಿರುಗಿಸಿದಾಗ ಮಾತ್ರ ಕರೆಂಟ್ ಬರುವ ಜಾಗದಿಂದ ತೆಗೆದುಕೊಂಡರೆ ರಾತ್ರಿಯಿಡೀ ಬ್ಯಾಟರಿ ಸೋರುವುದಿಲ್ಲ.

ಎಲ್ಲ ಜೋಡಿಸಿ ಕೀ ತಿರುಗಿಸಿ. 12 ವೋಲ್ಟಿನ ಗಾಡಿಯಲ್ಲಿ, ಬ್ಯಾಟರಿ ತುಂಬಿದ್ದರೆ, ಎಂಜಿನ್ ಸ್ಟಾರ್ಟ್ ಆಗುವ ಮುಂಚೆ ಮುಳ್ಳು 12.5ರ ಹತ್ತಿರ, ಓಡುವಾಗ 14ರ ಆಸುಪಾಸು ನಿಂತಿತೇ? ಡ್ಯಾಶ್ ಮುಚ್ಚಿ ಸ್ಕ್ರೂ ಬಿಗಿಯಿರಿ.