ಶಿಲೆಯ ಮೇಲಿನ ಸಮಾಂತರ ಗೀರುಗಳು: ಒಂದು ಪಾರಿಭಾಷಿಕ ಪದದ ಅರ್ಥ ಮತ್ತು ಉಪಯೋಗ

ವಿಜ್ಞಾನದಲ್ಲಿ ‘ಸ್ಟ್ರೈಯೇಷನ್’ ಎಂಬ ಪದವು ಒಂದು ವಸ್ತುವಿನ ಮೈಮೇಲೆ ಒತ್ತೊತ್ತಾಗಿ, ಒಂದೇ ದಿಕ್ಕಿನಲ್ಲಿ ಸಾಗುವ ಗೀರುಗಳನ್ನು ಸೂಚಿಸುತ್ತದೆ. ಇದರ ಮೂಲವಾದ ‘ಸ್ಟ್ರಿಯಾ’ ಎಂಬ ಲ್ಯಾಟಿನ್ ಶಬ್ದಕ್ಕೆ ತೋಡು, ಸಾಲು ಎಂಬ ಅರ್ಥಗಳುಂಟು. ಕ್ರಿಸ್ತಪೂರ್ವ ಒಂದನೆಯ ಶತಮಾನದ ರೋಮನ್ ವಾಸ್ತುಶಾಸ್ತ್ರಜ್ಞ ವಿಟ್ರೂವಿಯಸನು ಕಂಬಗಳ ಉದ್ದಕ್ಕೂ ಕೊರೆಯುವ ತೋಡುಗಳಿಗೆ ಈ ಶಬ್ದವನ್ನೇ ಬಳಸಿ, ಡೋರಿಕ್ ಕಂಬಕ್ಕೆ ಅಂತಹ ೨೦ ತೋಡುಗಳನ್ನು ವಿಧಿಸಿದ್ದಾನೆ. ಹತ್ತೊಂಬತ್ತನೆಯ ಶತಮಾನದಲ್ಲಿ ಭೂವಿಜ್ಞಾನಿಗಳು ಹಿಮನದಿಯು ಬಂಡೆಯನ್ನು ಉಜ್ಜಿ ಮಾಡಿದ ಗೀರುಗಳಿಗೆ ಇದನ್ನು ಅನ್ವಯಿಸಿದರು. ೧೯೫೭ರಲ್ಲಿ ರಷ್ಯದ ಪುರಾತತ್ತ್ವಜ್ಞ ಸೆಮ್ಯೋನವ್ ಅವರು, ಆಯುಧದ ಅಂಚಿನ ಗೀರುಗಳ ದಿಕ್ಕಿನಿಂದ ಅದನ್ನು ಹಿಡಿದ ಕೈಯ ಚಲನೆಯನ್ನು ಅರಿಯಬಹುದೆಂದು ತೋರಿಸಿದರು.

ಹೀಗೆ ಒಂದೇ ಪದವು ಅಲಂಕಾರ, ಪ್ರಕೃತಿಯ ಕಾರ್ಯ, ಮಾನವನ ಶ್ರಮ ಈ ಮೂರನ್ನೂ ಹೆಸರಿಸುತ್ತದೆ. ಆದುದರಿಂದ ಗೀರನ್ನು ಕಂಡೊಡನೆ ಅದರ ಕಾರಣವನ್ನೂ ಕಂಡಂತಾಯಿತೆಂದು ಇತಿಹಾಸಾಭ್ಯಾಸಿಯು ಭಾವಿಸಲಾಗದು.

ಬಳ್ಳಾರಿಯ ಸಂಗನಕಲ್ಲು ಪರಿಸರವನ್ನು ಗಮನಿಸಬಹುದು. ೧೯೪೮ರಲ್ಲಿ ಪ್ರಕಟವಾದ ಬಿ. ಸುಬ್ಬರಾವ್ ಅವರ ಗ್ರಂಥದಿಂದ ಈ ಪ್ರದೇಶದ ಶಿಲಾಯುಗದ ಸಂಸ್ಕೃತಿಗಳು ವಿದ್ವಲ್ಲೋಕಕ್ಕೆ ಚೆನ್ನಾಗಿ ಪರಿಚಿತವಾದವು. ಅಲ್ಲಿಯ ಬಂಡೆಗಳ ಮೇಲಿನ ನುಣುಪಾದ ತೋಡುಗಳು ನವಶಿಲಾಯುಗದ ಜನರು ಕಲ್ಲಿನ ಕೊಡಲಿಗಳನ್ನು ಮಸೆದ ಗುರುತುಗಳು. ಅವು ಚಿತ್ರಗಳೂ ಅಲ್ಲ, ಲಿಪಿಯೂ ಅಲ್ಲ, ದುಡಿಮೆಯ ಶೇಷಗಳು.

ಶಿಗ್ಲಿ, ಲಕ್ಷ್ಮೇಶ್ವರಗಳ ಕಡೆಯ ವಿದ್ಯಾರ್ಥಿಗಾದರೋ ಇದೇ ಗದಗ ಜಿಲ್ಲೆಯ ಲಕ್ಕುಂಡಿಯೇ ಸಾಕು. ಕಲ್ಯಾಣ ಚಾಲುಕ್ಯರ ಕಾಲದ ಅಲ್ಲಿಯ ಕಾಶಿವಿಶ್ವನಾಥ ದೇವಾಲಯದಲ್ಲಿ ಕಡೆದ ಕಂಬಗಳಿವೆ. ಮೃದುವಾದ ಕಲ್ಲನ್ನು ತಿರುಗಿಸುತ್ತ, ಉಳಿಯನ್ನು ಒಂದೆಡೆ ಹಿಡಿದು ಇಂಥ ಕಂಬಗಳನ್ನು ದುಂಡಗೆ ಮಾಡಲಾಗಿದೆಯೆಂಬುದು ವಿದ್ವಾಂಸರ ಅಭಿಪ್ರಾಯ. ಗ್ರೀಕ್ ಕಂಬದ ತೋಡುಗಳು ಮೇಲಿನಿಂದ ಕೆಳಕ್ಕೆ ಸಾಗಿದರೆ, ಇಲ್ಲಿಯ ಬಳೆಗಳು ಕಂಬವನ್ನು ಅಡ್ಡಲಾಗಿ ಸುತ್ತುವರಿದಿವೆ. ಈ ಬಳೆಗಳು ಶಿಲ್ಪಿಯ ಉದ್ದೇಶಪೂರ್ವಕ ಅಲಂಕಾರ. ಅವುಗಳ ನಡುವೆ ಸೂಕ್ಷ್ಮವಾದ ಗೀರುಗಳಿದ್ದರೆ ಅವು ಉಪಕರಣದ ಸಾಕ್ಷ್ಯ. ಇವೆರಡನ್ನು ಬೇರ್ಪಡಿಸಿ ನೋಡುವುದು ಅವಶ್ಯ.

ಇದಕ್ಕೆ ಮೂರು ಪ್ರಶ್ನೆಗಳು ನೆರವಾಗುತ್ತವೆ. ಗೀರು ಪೂರ್ಣ ವೃತ್ತವಾಗಿ ಬಂದು ಕೂಡುವುದೇ, ನಡುವೆ ಕಡಿಯುವುದೇ? ಅಂತರವೂ ಆಳವೂ ಸಮನಾಗಿವೆಯೇ? ಒಂದು ಗೀರನ್ನು ಮತ್ತೊಂದು ದಾಟಿದಲ್ಲಿ ಯಾವುದು ಮೊದಲಿನದು? ಮೊದಲನೆಯದರಿಂದ ತಿರುಗುವಿಕೆ, ಎರಡನೆಯದರಿಂದ ಉಪಕರಣದ ಸ್ಥಿರತೆ, ಮೂರನೆಯದರಿಂದ ಕೆಲಸದ ಅನುಕ್ರಮ ತಿಳಿದುಬರುತ್ತವೆ. ಆದರೆ ವರ್ಷವನ್ನು ಗೀರು ಹೇಳಲಾರದು. ಅದಕ್ಕೆ ಶಾಸನವೇ ಬೇಕು.

ದಾನಶಾಸನವು ದಾನಿಯ ಹೆಸರನ್ನೂ ತಿಥಿಯನ್ನೂ ಭೂಮಿಯ ಅಳತೆಯನ್ನೂ ತಿಳಿಸುತ್ತದೆ; ಕಂಬವನ್ನು ತಿರುಗಿಸಿದವರ ಕೆಲಸದ ರೀತಿಯನ್ನು ವಿವರಿಸುವುದು ಅದರ ಉದ್ದೇಶವಲ್ಲ. ಆ ಕೊರತೆಯನ್ನು ತುಂಬಬಲ್ಲದ್ದು ಈ ಗೀರುಗಳೇ. ಸುಣ್ಣದ ಲೇಪ, ಎಣ್ಣೆಯ ಜಿಡ್ಡು, ಒರಟಾದ ಉಜ್ಜುವಿಕೆ ಇವುಗಳಿಂದ ಅವು ಮಸುಳುತ್ತವೆ. ಉಜ್ಜಿ ಅಳಿಸಿದುದನ್ನು ಮತ್ತೆ ಪಡೆಯಲಾಗದು. ಶಾಸನದ ಅಚ್ಚನ್ನು ತೆಗೆಯುವಷ್ಟೇ ಶ್ರದ್ಧೆಯಿಂದ ಕಂಬದ ಗೀರುಗಳನ್ನೂ ಅಳೆದು ದಾಖಲಿಸಿದರೆ, ಹೆಸರಿಲ್ಲದ ಕುಶಲಕರ್ಮಿಗಳಿಗೂ ನಾಡಿನ ಇತಿಹಾಸದಲ್ಲಿ ಸ್ಥಾನ ದೊರೆತೀತು.