ಅಜ್ಜಿಯ ಕೌದಿಯ ನಾಲ್ಕು ಮೂಲೆ

ಗುಂಡ್ಲುಪೇಟೆಯ ನಮ್ಮ ಮನೆಯ ಅಟ್ಟದಲ್ಲಿ ಒಂದು ಕೌದಿ ಇದೆ. ಗೋಪಾಲಸ್ವಾಮಿ ಬೆಟ್ಟದ ಕಡೆಯಿಂದ ಚಳಿಗಾಳಿ ಬೀಸಿದರೆ ಸಾಕು, ಮೊಮ್ಮಕ್ಕಳೆಲ್ಲ ಅದಕ್ಕಾಗಿ ಕಿತ್ತಾಡುತ್ತಿದ್ದೆವು. ಅದರ ನಾಲ್ಕು ಮೂಲೆಯಲ್ಲೂ ಬಣ್ಣದ ಬಟ್ಟೆಯನ್ನು ತ್ರಿಕೋನವಾಗಿ ಮಡಿಸಿ, ಒಂದರ ಮೇಲೊಂದಿಟ್ಟು ಹೊಲಿದ ಪುಟ್ಟ ಗೊಂಚಲು. ಬರೀ ಅಲಂಕಾರ ಅಂದುಕೊಂಡಿದ್ದೆ...

ಅಜ್ಜಿ ಹಳಿಯಾಳದವರು. ತಾತ ಅರಣ್ಯ ಇಲಾಖೆಯಲ್ಲಿ ಗುಮಾಸ್ತರು. 1956ರ ನವೆಂಬರ್ 1ಕ್ಕೆ ಮೊದಲು ಹಳಿಯಾಳ ಮುಂಬಯಿ ರಾಜ್ಯದಲ್ಲಿತ್ತು, ಗುಂಡ್ಲುಪೇಟೆ ಮೈಸೂರಿನಲ್ಲಿ. (ನಮ್ಮ ಕೊಳ್ಳೇಗಾಲವೇ ಆಗ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು ಅಂದರೆ ಈಗಿನ ಹುಡುಗರು ನಂಬುವುದಿಲ್ಲ.) ಏಕೀಕರಣವಾದ ಮೇಲೆ ವರ್ಗಾವಣೆಯ ದಾರಿಯೂ ಉದ್ದವಾಯಿತು. 1958ರಲ್ಲಿ ದಾಂಡೇಲಿ ಕಾಡು ಬಿಟ್ಟು ಬಂಡೀಪುರ ಕಾಡಿನ ಪಕ್ಕಕ್ಕೆ ಬಂದರು. ಅಜ್ಜಿಯ ಮಾತು ಕೇಳಿ ಇಲ್ಲಿಯವರು ನಗುತ್ತಿದ್ದರು. ಜಗಲಿಯಲ್ಲಿ ಹಳೇ ಸೀರೆ ಹರಡಿಕೊಂಡು ಕೂತರೆ ನೆರೆಯ ಹೆಂಗಸರು "ಯಾನವ್ವಾ ಇದು?" ಅಂತ ಬಂದು ಕೂರುತ್ತಿದ್ದರಂತೆ. ಮಾರನೇ ದಿನ ತಾವೇ ಒಂದು ತುಂಡು ಬಟ್ಟೆ ತಂದು ಕೊಡುತ್ತಿದ್ದರಂತೆ. ಹಾಗೆ ಇಳಕಲ್ ಸೀರೆಯ ಪಕ್ಕ ತೆರಕಣಾಂಬಿಯಿಂದ ಬಂದ ಸೊಸೆಯೊಬ್ಬಳ ಹಳೇ ರವಿಕೆ ಬಂದು ಸೇರಿತು.

ಮೂಲೆಯ ಗುಟ್ಟು ಗೊತ್ತಾಗಿದ್ದು ಸಿದ್ದಿಯರ ಬಗ್ಗೆ ಓದುವಾಗ. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಾಡಂಚಿನ ಸಿದ್ದಿಯರ ಪೂರ್ವಿಕರು ಆಫ್ರಿಕಾದವರು. ಹಲವರನ್ನು ಪೋರ್ಚುಗೀಸರು ಗುಲಾಮರಾಗಿ ಗೋವೆಗೆ ತಂದಿದ್ದರು. ತಪ್ಪಿಸಿಕೊಂಡವರು, ಬಿಡುಗಡೆಯಾದವರು ಈ ಕಾಡು ಸೇರಿದರು. ಅವರು ಕೌದಿಗೆ ಕವಂದಿ ಅನ್ನುತ್ತಾರೆ. ಹಳೇ ಸೀರೆ ಹಾಸಿ, ಒಂದು ಮೂಲೆಯಿಂದ ಶುರು ಮಾಡಿ, ಅಂಚಿನಗುಂಟ ತುಂಡುಗಳನ್ನು ಹಚ್ಚುತ್ತಾ ಸುತ್ತಿ ಸುತ್ತಿ ನಡುವಿಗೆ ಬರುತ್ತಾರೆ. ಕ್ರೈಸ್ತ ಸಿದ್ದಿಯರದರಲ್ಲಿ ಶಿಲುಬೆ, ಮುಸ್ಲಿಂ ಸಿದ್ದಿಯರದರಲ್ಲಿ ಅರ್ಧಚಂದ್ರ ಕಾಣುವುದುಂಟು. ಮೂಲೆಯ ತ್ರಿಕೋನಗಳಿಗೆ ‘ಫುಲ’ ಅಂತ ಹೆಸರು, ಅಂದರೆ ಹೂವು. ಅದಿಲ್ಲದ ಕವಂದಿ ಬತ್ತಲೆ ಅಂತಲೇ ಲೆಕ್ಕ! ಕೆಲವರು ನಡುವಿನ ಕೊನೇ ತುಂಡು ಹೊಲಿಯುವ ಮುಂಚೆ ಒಳಗೆ ನಾಲ್ಕು ಅಕ್ಕಿಕಾಳು ಇಡುತ್ತಾರೆ, ಕವಂದಿಯ ಹೊಟ್ಟೆ ಬರಿದಾಗಿರಬಾರದಂತೆ. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಇವುಗಳನ್ನು ಅಭ್ಯಾಸ ಮಾಡಿ ಹೊರದೇಶದವರಿಗೂ ತೋರಿಸಿದ್ದಾರೆ.

ಕನ್ನಡ, ಕೊಂಕಣಿ ಮಾತಾಡುವ ಈ ಜನರನ್ನು ‘ಯಾವ ದೇಶದವರು?’ ಅಂತ ಕೇಳುವವರು ಇಂದಿಗೂ ಇದ್ದಾರೆ. ಉತ್ತರ ಕನ್ನಡದ ಸಿದ್ದಿಯರು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದೇ 2003ರಲ್ಲಿ.

ಓದಿ ಮುಗಿಸಿ ಕೌದಿಯನ್ನು ಅಟ್ಟದಿಂದ ಇಳಿಸಿ ನೋಡಿದೆ. ತುಂಡುಗಳು ಅಂಚಿನಿಂದ ಒಳಕ್ಕೆ ಸುತ್ತಿಕೊಂಡೇ ಹೋಗಿವೆ. ಹಳಿಯಾಳದಲ್ಲಿ ಯಾರೋ ಸಿದ್ದಿ ಹೆಂಗಸು ಅಜ್ಜಿಗೆ ಕಲಿಸಿರಬೇಕು. ಆಕೆಯ ಹೆಸರನ್ನು ಅಜ್ಜಿ ಹೇಳಲಿಲ್ಲ, ನಾವೂ ಕೇಳಲಿಲ್ಲ. ಅಜ್ಜಿಯ ತವರಿನದು ಅಂತ ಇಷ್ಟು ವರ್ಷ ಹೇಳಿಕೊಂಡು ಬಂದದ್ದರಲ್ಲಿ, ಆ ತವರೂರೇ ಪರಕೀಯರಂತೆ ಕಂಡವರ ಕೈಚಳಕವಿದೆ.

ಈಗ ಒಂದು ಮೂಲೆಯ ಹೂವು ಕಿತ್ತು ಬಂದಿದೆ. ಪೇಟೆಯ ಟೈಲರ್ ಹತ್ತಿರ ಒಯ್ದೆ. "ಅದ್ಯಾಕ್ ಸಾ, ಮೂಲೆ ಮಡಚಿ ಒಂದ್ ಹೊಲಿಗೆ ಹಾಕ್ಬುಟ್ರೆ ಆಯ್ತು" ಅಂದ. ವಾಪಸ್ ತಂದಿದ್ದೇನೆ. ಕಿತ್ತ ಹೂವು ಬೀರುವಿನಲ್ಲಿದೆ.